ಕೊಟ್ಟಿಗೆಯ ವ್ಯಾಕರಣ

ಸೊಸೆ ತರಬೇತಿಗೆಂದು ಬಸ್ಸು ಹತ್ತಿದ ಮರುದಿನ ಬೆಳಗ್ಗೆ, ಅತ್ತೆ ಸ್ಟೀಲಿನ ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೊರಟಾಗ ಅವಳ ನಡಿಗೆಯಲ್ಲಿ ಒಂದಿಷ್ಟು ಗತ್ತಿತ್ತು. ಮೊಣಕಾಲು ಹಿಡಿದುಕೊಳ್ಳುತ್ತದೆಂದು ಹಾಲು ಕರೆಯುವ ಕೆಲಸವನ್ನು ಸೊಸೆಗೆ ಬಿಟ್ಟುಕೊಟ್ಟು ವರ್ಷವಾಗಿತ್ತು, ನಿಜ. ಆದರೆ ಅದೇನು ಮರೆತುಹೋಗುವ ಕೆಲಸವೇ? ಈ ಮನೆಗೆ ಬಂದಾಗಿನಿಂದ ಹಾಯುವ ಹಸು, ಒದೆಯುವ ಹಸು, ಬಾಲದಲ್ಲಿ ಕಪಾಳಕ್ಕೆ ಬಾರಿಸುವ ಹಸು ಎಲ್ಲವನ್ನೂ ಪಳಗಿಸಿದ ಕೈ ಅದು. "ನೀನು ನಿಶ್ಚಿಂತೆಯಾಗಿ ಹೋಗಿ ಓದು. ಹಸು ನನಗಿರಲಿ" ಎಂದು ಬಸ್ಸಿನ ಕಿಟಕಿಗೆ ಮುಖ ಕೊಟ್ಟು, ಒಳಗಿದ್ದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿ ಕಳಿಸಿದ್ದಳು.

ಕೊಟ್ಟಿಗೆಯಲ್ಲಿ ಇದ್ದದ್ದು ಒಂದೇ ಹಸು, ಜಂಬಿ. ಕಪ್ಪು ಮೈ, ಹಣೆಯ ಮೇಲೊಂದು ಬಿಳಿ ಮಚ್ಚೆ. ಹೆಸರು ಹಿಡಿದು ಕೂಗಿದರೆ ತಕ್ಷಣ ತಿರುಗಿ ನೋಡುವುದು ತನ್ನ ಘನತೆಗೆ ಕಡಿಮೆ ಎನ್ನುವ ಹಾಗಿರುತ್ತಿತ್ತು. ಆ ಹೆಸರು ಬಂದದ್ದೂ ಅದಕ್ಕೇ. ಅತ್ತೆ ಕೆಚ್ಚಲಿಗೆ ಬೆಚ್ಚನೆಯ ನೀರು ಹಾಕಿ ತೊಳೆದಳು, ಬೆರಳಿಗೆ ಎಣ್ಣೆ ಸವರಿಕೊಂಡಳು, ಮಣೆ ಎಳೆದುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಳು. ಎಳೆದರೆ ಬಂದದ್ದು ದಾರದಂಥ ಎರಡು ಎಳೆ. ಕೆಚ್ಚಲು ನೋಡಿದರೆ ತುಂಬಿ ಬಿಗಿದಿದೆ, ಹಾಲು ಮಾತ್ರ ಇಳಿಯದು. ಜಂಬಿ ಅದನ್ನು ಒಳಗೇ ಏರಿಸಿಕೊಂಡು, ಗೋದಲಿಯ ಹುಲ್ಲಿನ ಕಡೆ ಮುಖ ಮಾಡಿ ಮೆಲುಕು ಹಾಕುತ್ತ ನಿಂತಿತ್ತು.

"ಒಂದು ದಿನದ ಬೇಜಾರು. ನಾಳೆ ಸರಿ ಹೋಗ್ತಾಳೆ" ಎಂದಳು ಅತ್ತೆ, ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಮಗನಿಗೆ.

ನಾಳೆಯೂ ಸರಿ ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ. ಅತ್ತೆ ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದಳು. ಹಿಂಡಿ ಬೂಸಾ ಹೆಚ್ಚು ಕಲೆಸಿ ಮುಂದಿಟ್ಟಳು. ಜಂಬಿ ಬಾಂಡ್ಲಿ ನೆಕ್ಕಿ ಫಳಫಳ ಮಾಡಿತು, ಹಾಲು ಕೊಡಲಿಲ್ಲ. ಕರುವನ್ನು ಎಳೆದು ತಂದು ಹತ್ತಿರ ನಿಲ್ಲಿಸಿದಳು. ಅದು ಹಾಲು ಬಿಟ್ಟು ಎಷ್ಟೋ ತಿಂಗಳಾಗಿ ಕೊಬ್ಬಿದ ಪಡ್ಡೆಯಾಗಿತ್ತು. ತಾಯಿಯನ್ನು ಮೂಸಿ ಕೂಡ ನೋಡದೆ ಹುಲ್ಲಿನ ಮೆದೆಗೆ ನುಗ್ಗಿತು. ಕೊನೆಗೆ, ಸೊಸೆ ಕೊಟ್ಟಿಗೆಗೆಂದೇ ಇಟ್ಟುಕೊಂಡಿದ್ದ ಹಳೆಯ ಶಾಲನ್ನು ಗೂಟದಿಂದ ತೆಗೆದು ತಾನೇ ಹೊದ್ದು, ತಲೆ ತಗ್ಗಿಸಿಕೊಂಡು ಬಂದು ಕೂತಳು. ಜಂಬಿ ಶಾಲು ಮೂಸಿತು, ಅತ್ತೆಯ ಮುಖ ನೋಡಿತು, ಮತ್ತೆ ಶಾಲು ಮೂಸಿತು. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟು ಮುಖ ತಿರುಗಿಸಿತು. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಅತ್ತೆಗೆ ನಾಚಿಕೆಯಾಯಿತು.

ಡೇರಿಯವನು ಹಾಲು ಅಳೆಯುತ್ತ ಕೇಳಿದ. "ಏನಜ್ಜಿ, ಹಸು ಉಪವಾಸ ಕೂತಿದ್ಯಾ?"

"ನೀನು ಅಳತೆ ನೆಟ್ಟಗೆ ಮಾಡು. ಹಸು ವಿಚಾರ ನನಗೆ ಗೊತ್ತು."

"ಗೊತ್ತಿದ್ರೆ ಇಷ್ಟೇ ಯಾಕೆ ಬರುತ್ತೆ ಅಂತ ಕೇಳ್ದೆ, ಅಷ್ಟೆ."

ಊರಿನ ಪಶುವೈದ್ಯರು ಬಂದು ಮುಟ್ಟಿ ನೋಡಿ, ರೋಗವೇನೂ ಇಲ್ಲ ಎಂದರು. "ಆದರೆ ಹೀಗೇ ಬಿಟ್ಟರೆ ಕೆಚ್ಚಲು ಬಾವು ಬರುತ್ತೆ. ಇಲ್ಲದಿದ್ದರೆ ಹಾಲು ಬತ್ತಿಹೋಗುತ್ತೆ. ಇದಕ್ಕೆ ಕೈ ಒಗ್ಗಿದವರು ಯಾರು, ಅವರೇ ಬರಬೇಕು."

ಕೈ ಒಗ್ಗಿದವಳು ಬಸ್ಸಿನಲ್ಲಿ ಅರ್ಧ ದಿನದ ದಾರಿಯಾಚೆ, ಪಶು ಆಸ್ಪತ್ರೆಯ ಸಹಾಯಕಿಯರ ತರಬೇತಿಯಲ್ಲಿದ್ದಳು. ಆ ತರಬೇತಿಗೆ ಸೇರಲು ಅವಳು ಪಟ್ಟ ಪಾಡು ಮನೆಯವರಿಗೆಲ್ಲ ಗೊತ್ತಿತ್ತು. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿ ಓದು ಬಿಟ್ಟವಳು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಹತ್ತಿರ ಒಂದು ವರ್ಷ ಇಂಗ್ಲಿಷ್ ವ್ಯಾಕರಣ ಕಲಿತು, ಎರಡನೇ ಸಲಕ್ಕೆ ಆಯ್ಕೆಯಾಗಿದ್ದಳು. ಈಗ ನಡುವೆ ಇನ್ನೊಂದು ಇಂಗ್ಲಿಷ್ ಪರೀಕ್ಷೆ. ಅದು ದಾಟಿದವರು ಮುಂದಕ್ಕೆ, ಉಳಿದವರು ಮನೆಗೆ. ನಡುವೆ ಬಿಟ್ಟು ಬಂದವರನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದ್ದರು.

ಟ್ರ್ಯಾಕ್ಟರ್ ರಿಪೇರಿ ಮಾಡುವ ಮಗ ಕೆಟ್ಟವನಲ್ಲ. ಆದರೆ ಕೆಟ್ಟುಹೋದ ವಸ್ತುವಿಗೆ ಬೇಕಾದ ಬಿಡಿಭಾಗ ಎಲ್ಲಿದೆ ಎಂದು ಗೊತ್ತಾದರೆ ಹೋಗಿ ತಂದುಬಿಡುವುದು ಅವನ ಕಸುಬಿನ ಸ್ವಭಾವ.

"ಭಾನುವಾರದವರೆಗೆ ನೋಡ್ತೀನಿ, ಅಮ್ಮ. ಆಮೇಲೆ ಹೋಗಿ ಅವಳನ್ನ ಕರ್ಕೊಂಡು ಬರ್ತೀನಿ."

"ಬಂದ್ರೆ ಅವಳ ಓದು?"

"ಹಸು ಬತ್ತಿ ಹೋದ್ರೆ ಮನೆ ನಡೆಯೋದು ಹೇಗೆ? ನೀನೇ ಅಲ್ವಾ, ಹಸು ನನಗಿರಲಿ ಅಂದೋಳು."

ಅತ್ತೆಗೆ ಬಸ್ಸಿನ ಕಿಟಕಿಯಲ್ಲಿ ಆಡಿದ ಮಾತು ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಅಂದು ಸಂಜೆ ಹಾಲು ಕರೆಯುವ ಹೊತ್ತಿಗೇ ಸೊಸೆಯ ಫೋನು ಬಂತು. ಕೈ ಒದ್ದೆಯಾಗಿದ್ದುದರಿಂದ ಅತ್ತೆ ಫೋನಿನ ಸ್ಪೀಕರ್ ಹಾಕಿ ಗೋಡೆಯ ಗೂಡಿನಲ್ಲಿಟ್ಟಳು.

"ಅತ್ತೆ, ಜಂಬಿ ಹೇಗಿದಾಳೆ?"

"ಅವಳಿಗೇನು, ಗಟ್ಟಿಮುಟ್ಟಾಗಿದಾಳೆ" ಎಂದಳು ಅತ್ತೆ, ಖಾಲಿ ಬಕೆಟ್ಟು ನೋಡುತ್ತ.

"ಹಾಲು ಕೊಡ್ತಿದಾಳಾ?"

"ಕೊಡದೆ ಏನು ಮಾಡ್ತಾಳೆ. ನಿನ್ನ ಪರೀಕ್ಷೆ ಯಾವಾಗ?"

"ಬರೋ ವಾರ. ತಲೆ ಎಲ್ಲ ಗೊಂದಲ ಆಗಿದೆ, ಅತ್ತೆ. ಇಲ್ಲಿ ರೂಮಲ್ಲಿ ಕೂತು ಓದಿದ್ರೆ ಒಂದೂ ನಿಲ್ಲಲ್ಲ. ಒಂದ್ಸಲ ಜೋರಾಗಿ ಹೇಳ್ತೀನಿ, ಕೇಳಿಸ್ಕೊಳ್ತೀರಾ?"

"ನನಗೇನು ಅರ್ಥ ಆಗುತ್ತೆ?"

"ಅರ್ಥ ಬೇಡ. ಜಂಬಿ ಕೇಳಿಸ್ಕೊಳ್ತಿದ್ಲಲ್ಲ, ಹಾಗೆ ಕೇಳಿ."

ಸೊಸೆ ಶುರು ಮಾಡಿದಳು. ಐ ಗೋ, ಯೂ ಗೋ, ಹಿ ಗೋಸ್, ಶಿ ಗೋಸ್. ಐ ವೆಂಟ್, ಯೂ ವೆಂಟ್. ಒಂದೇ ಸಮ, ಒಂದೇ ಓಟ. ಮೆಲುಕು ಹಾಕುತ್ತಿದ್ದ ಜಂಬಿಯ ದವಡೆ ನಿಂತಿತು. ಎರಡು ಕಿವಿಯೂ ಮೆಲ್ಲಗೆ ಹಿಂದಕ್ಕೆ ತಿರುಗಿದವು. ಮಣೆಯ ಮೇಲೆ ಕೂತಿದ್ದ ಅತ್ತೆಯ ಕಣ್ಣೆದುರೇ ಒಂದು ತೊಟ್ಟಿನ ತುದಿಯಲ್ಲಿ ಹಾಲಿನ ಹನಿ ಮೂಡಿ ತಾನಾಗಿ ಕೆಳಗೆ ಬಿತ್ತು. ಅತ್ತೆ ಉಸಿರು ಬಿಗಿಹಿಡಿದು ಕೈ ಹಾಕಿದಳು. ಹಾಲು ಬಂತು. ಬಕೆಟ್ಟಿನ ತಳ ಟಣ್ ಎಂದಿತು, ಮತ್ತೆ ಟಣ್ ಎಂದಿತು. ಅಷ್ಟರಲ್ಲಿ ಅತ್ತ ಯಾರೋ ಊಟಕ್ಕೆ ಕೂಗಿದರು, ಸೊಸೆ "ಇಡ್ತೀನಿ, ಅತ್ತೆ" ಎಂದಳು. ಫೋನು ನಿಂತಿತು, ಹಾಲೂ ನಿಂತಿತು.

ಅತ್ತೆ ಎಷ್ಟೋ ಹೊತ್ತು ಮಣೆ ಬಿಟ್ಟು ಏಳಲಿಲ್ಲ. ಈಗ ಎಲ್ಲ ಒಂದೊಂದಾಗಿ ನೆನಪಾಯಿತು. ಕರು ಹಾಲು ಬಿಟ್ಟ ಹೊತ್ತಿಗೂ ಸೊಸೆ ಮೇಷ್ಟ್ರ ಪಾಠಕ್ಕೆ ಸೇರಿದ ಹೊತ್ತಿಗೂ ಸರಿಯಾಗಿತ್ತು. ಅಡುಗೆ, ಬಟ್ಟೆ, ಸಗಣಿ ಎಂದು ದಿನವಿಡೀ ಪುರಸೊತ್ತಿಲ್ಲದವಳಿಗೆ ಬಾಯಿಪಾಠ ಮಾಡಲು ಸಿಗುತ್ತಿದ್ದದ್ದು ಹಾಲು ಕರೆಯುವ ಹೊತ್ತೊಂದೇ. ಬೆಳಗ್ಗೆ ಸಂಜೆ ಕೊಟ್ಟಿಗೆಯಿಂದ ಜೇನುಗೂಡಿನಂಥ ಗುಂಯ್ ಸದ್ದು ಬರುತ್ತಿತ್ತು. "ಹಸುಗೆ ಡಾಕ್ಟರಿಕೆ ಓದಿಸ್ತಿದ್ದೀಯೇನೆ?" ಎಂದು ಅತ್ತೆಯೇ ಗೇಲಿ ಮಾಡಿದ್ದಳು. ಕರುವಿನ ಬಾಯಿ ತಪ್ಪಿದ ಹಸುವಿಗೆ ಆ ಗುಂಯ್ ಸದ್ದೇ ಕರುವಾಗಿ ಹೋಗಿತ್ತು.

ಮಗನಿಗೆ ಇದನ್ನು ಹೇಳಿದರೆ ಅವನು ಮೊದಲು ನಕ್ಕ, ಆಮೇಲೆ ಏನೋ ನೆಪ ಹೇಳಿ ಫೋನಿನಲ್ಲಿ ಸೊಸೆಯ ಪಾಠವನ್ನು ರೆಕಾರ್ಡ್ ಮಾಡಿಕೊಂಡ. ಮರುದಿನ ಅದನ್ನು ಗೂಡಿನಲ್ಲಿಟ್ಟು ಹಾಕಿದಾಗ ಜಂಬಿ ಕಿವಿ ನಿಮಿರಿಸಿತು, ಕೊರಳು ತಿರುಗಿಸಿ ಗೂಡನ್ನು ನೋಡಿತು, ಬಾಗಿಲು ನೋಡಿತು, ಮತ್ತೆ ಗೂಡು ನೋಡಿತು. ನಿನ್ನೆ ಮೋಸಹೋದದ್ದು ಸಾಕೆನ್ನಿಸಿತೋ ಏನೋ, ಕಣ್ಣಿ ಜಗ್ಗಿ ಮೈಯನ್ನು ಗೋಡೆಗೆ ಉಜ್ಜಿತು. ಫೋನು ಹಾಡುತ್ತಲೇ ಸಗಣಿಗೆ ಬಿತ್ತು.

"ಇನ್ನು ನನ್ನ ಫೋನಿನ ಸುದ್ದಿಗೆ ಬರಬೇಡಿ" ಎಂದು ಮಗ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೊರಟುಹೋದ.

ಅತ್ತೆ ಬೇಲಿ ದಾಟಿ ಮೇಷ್ಟ್ರ ಜಗಲಿಗೆ ಹೋದಳು. ಮೇಷ್ಟ್ರು ವಿಷಯ ಕೇಳಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಂದರೆ ನನ್ನ ಪಾಠಕ್ಕೆ ಹಾಲು ಇಳೀತಿತ್ತು ಅಂತೀಯ." ದನಿಯಲ್ಲಿದ್ದ ಹೆಮ್ಮೆಯನ್ನು ಮುಚ್ಚಿಟ್ಟುಕೊಳ್ಳಲು ಅವರಿಗಾಗಲಿಲ್ಲ. ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಾವೇ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ತುಂಬಿದ ತರಗತಿಯ ಹಿಂದಿನ ಬೆಂಚಿಗೂ ಕೇಳಿಸುವ ಗಂಟಲಲ್ಲಿ "ಐ ಗೋ!" ಎಂದರು. ಜಂಬಿ ಬಾಲ ಎತ್ತಿ ಧಾರಾಳವಾಗಿ ಸಗಣಿ ಹಾಕಿತು.

"ಇಷ್ಟು ವರ್ಷ ಪಾಠ ಮಾಡಿದೆ, ಇಂಥ ಶಿಷ್ಯೆ ಸಿಕ್ಕಿರಲಿಲ್ಲ" ಎಂದರು ಮೇಷ್ಟ್ರು ಹಿಂದೆ ಸರಿದು.

"ಸಿಕ್ಕಿರ್ತಾರೆ, ಮೇಷ್ಟ್ರೇ. ಬಾಲ ಇರಲಿಲ್ಲ, ಅಷ್ಟೆ."

ಮೇಷ್ಟ್ರು ನಕ್ಕರು. ಅತ್ತೆಯೂ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು. ಶಾಲು ಗೂಟದಲ್ಲಿ ತೂಗುತ್ತಿತ್ತು. ಅದನ್ನು ಹೊದ್ದು ಕೂತ ಸೊಸೆ ಕಣ್ಣ ಮುಂದೆ ಬಂದಳು: ತನ್ನ ಹಾಗೆ ನೆಟ್ಟಗೆ ಕೂರುತ್ತಿರಲಿಲ್ಲ ಅವಳು, ಹಣೆಯನ್ನು ಹಸುವಿನ ಪಕ್ಕೆಗೆ ಆನಿಸಿ, ಕಣ್ಣು ಮುಚ್ಚಿ, ಒಳಗೊಳಗೇ ಗುನುಗುತ್ತ ಕರೆಯುತ್ತಿದ್ದಳು. ಕೊಟ್ಟಿಗೆಯಿಂದ ಬಂದಾಗಲೆಲ್ಲ ಅವಳ ಹಣೆಗೆ ಕಪ್ಪು ಕೂದಲು ಅಂಟಿರುತ್ತಿತ್ತು. "ಮುಖ ತೊಳ್ಕೊಳೆ, ಹಸುವಿನ ತಂಗಿ ಹಾಗೆ ಕಾಣ್ತೀಯ" ಎಂದು ಎಷ್ಟು ಸಲ ಗದರಿದ್ದಳೋ. ಜಂಬಿ ಆ ಪಾಠವನ್ನು ಕಿವಿಯಲ್ಲಷ್ಟೇ ಕೇಳಿಸಿಕೊಂಡಿರಲಿಲ್ಲ, ಪಕ್ಕೆಯಲ್ಲೂ ಕೇಳಿಸಿಕೊಂಡಿತ್ತು.

"ಮೇಷ್ಟ್ರೇ, ನನಗೆ ಕಲಿಸಿ."

"ಏನನ್ನ?"

"ಅದೇ, ಗೋ ಗೋಸು. ಭಾನುವಾರದೊಳಗೆ."

ಮೇಷ್ಟ್ರ ಜಗಲಿಯ ಮೆಟ್ಟಿಲ ಮೇಲೆ ಪಾಠ ಶುರುವಾಯಿತು. ಓದು ಬರಹ ಅಷ್ಟಕ್ಕಷ್ಟೇ ಆದರೂ ಅತ್ತೆಯ ನೆನಪು ಗಟ್ಟಿ. ಊರಿನ ಯಾವ ದನ ಯಾವ ದನಕ್ಕೆ ಹುಟ್ಟಿದ್ದು ಎಂದು ಮೂರು ತಲೆಮಾರು ಹಿಂದಕ್ಕೆ ಹೇಳಬಲ್ಲವಳು. ಸದ್ದುಗಳು ಬೇಗ ಬಾಯಿಗೆ ಹತ್ತಿದವು. ಆದರೆ ಹಿ ಬಂದಾಗಲೆಲ್ಲ ಗೋ ಎಂದೇ ನುಗ್ಗಿಬಿಡುತ್ತಿದ್ದಳು, ಮೇಷ್ಟ್ರು ಬಿಡುತ್ತಿರಲಿಲ್ಲ.

"ಹೋಗಲಿ ಬಿಡಿ, ಮೇಷ್ಟ್ರೇ. ತಪ್ಪು ಹೇಳಿದ್ರೆ ಹಸುಗೇನು ಗೊತ್ತಾಗುತ್ತೆ?"

"ಹಸುಗೆ ಗೊತ್ತಾಗಲ್ಲ. ಆದರೆ ನಿನ್ನ ಸೊಸೆ ಇದನ್ನ ಹಸುಗೋಸ್ಕರ ಕಲೀಲಿಲ್ಲವಲ್ಲ. ಯಾಕೆ ಕಲಿತಳು ಅಂತ ಕೇಳಿದ್ದೀಯ ಯಾವತ್ತಾದರೂ?"

ಅತ್ತೆ ಕೇಳಿರಲಿಲ್ಲ. ದನದ ಆಸ್ಪತ್ರೆಯಲ್ಲಿ ಇಂಗ್ಲಿಷ್ ಮಾತಾಡುವ ದನ ಬರುತ್ತವೆಯೇ ಎಂದು ತಮಾಷೆ ಮಾಡಿದ್ದುಂಟು, ಅಷ್ಟೇ.

"ಅಲ್ಲಿ ಒಂದೊಂದು ದನದ ಮುಂದೂ ಒಂದು ಹಲಗೆ ತೂಗುಹಾಕಿರ್ತಾರೆ. ಬೆಳಗ್ಗೆ ಇರೋರು ಬೇರೆ, ಸಂಜೆ ಬರೋರು ಬೇರೆ. ಬರೆಯೋದೆಲ್ಲ ಇಂಗ್ಲಿಷಲ್ಲಿ. ಔಷಧಿ ಕೊಟ್ಟಾಗಿದೆಯೋ, ಕೊಡ್ತಾ ಇದ್ದಾರೋ, ಇನ್ನು ಕೊಡಬೇಕೋ, ಅದನ್ನ ಹೇಳೋದೇ ವ್ಯಾಕರಣ. ಔಷಧಿ ಹೆಸರು ಒಂದೇ, ದನ ಒಂದೇ. ಆಗಿದ್ದನ್ನ ಆಗಬೇಕು ಅಂತ ಓದಿಕೊಂಡರೆ ಎರಡು ಸಲ ಚುಚ್ಚಿಬಿಡ್ತಾರೆ. ಆಗಬೇಕಾದ್ದನ್ನ ಆಗಿದೆ ಅಂತ ಓದಿಕೊಂಡರೆ ಬಿಟ್ಟೇಬಿಡ್ತಾರೆ."

ಅತ್ತೆಗೆ ತಮ್ಮ ಕೊಟ್ಟಿಗೆಯ ಹಳೆಯ ಬೆಳಗೊಂದು ನೆನಪಾಯಿತು. ಗಂಡ ಬದುಕಿದ್ದ ಕಾಲ. ತಾನು ಹಸಿ ಜೋಳ ಹಾಕಿ ಹೊಲಕ್ಕೆ ಹೋಗಿದ್ದಳು. ಇನ್ನೂ ಹಾಕಿಲ್ಲವೆಂದುಕೊಂಡು ಅವನೂ ಒಂದು ಬುಟ್ಟಿ ಸುರಿದಿದ್ದ. ಮಧ್ಯಾಹ್ನಕ್ಕೆ ಹಸುವಿನ ಹೊಟ್ಟೆ ಉಬ್ಬಿ ಡೋಲಿನಂತಾಗಿ, ಅದು ಕಾಲು ಚಾಚಿ ಬಿದ್ದಿತ್ತು. ಹೇಗೋ ಉಳಿಯಿತು. ಅಂದು ಇಬ್ಬರ ನಡುವೆ ಬೇಕಾಗಿದ್ದದ್ದು ಒಂದೇ ಒಂದು ಮಾತು, ಹಾಕಿಯಾಗಿದೆ ಎನ್ನುವುದು.

"ಹಿ ಗೋಸ್" ಎಂದಳು ಅತ್ತೆ, ನಿಧಾನವಾಗಿ. "ಮುಂದಕ್ಕೆ ಹೇಳಿ."

ಗೋ ಸಾಕು, ಹಾಲನ್ನೇ ಹಿಡಿದುಕೊಂಡು ಕಲಿಯೋಣ ಎಂದು ಮೇಷ್ಟ್ರು 'ಐ ಮಿಲ್ಕ್ ದ ಕೌ' ಹೇಳಿಕೊಟ್ಟರು. ಒಂದೊಂದು ಮಾತಿಗೂ ಅರ್ಥ ಬಿಡಿಸಿದರು.

"ಐ ಅಂದ್ರೆ ನಾನಾ? ಇಷ್ಟು ಸಣ್ಣದಾ?"

"ಸಣ್ಣದೇ. ಆದರೆ ಬರೆಯುವಾಗ ಎಲ್ಲೇ ಬರಲಿ, ದೊಡ್ಡಕ್ಷರದಲ್ಲೇ ಬರೀಬೇಕು."

"ಒಳ್ಳೇ ಭಾಷೆ. ನಮ್ಮ ಮನೇಲಿ ಅಷ್ಟು ಮರ್ಯಾದೆ ನನಗೆ ಯಾವತ್ತೂ ಸಿಕ್ಕಿಲ್ಲ."

ನಿನ್ನೆ ಕರೆದೆ, ಇವತ್ತು ಕರೆಯುತ್ತೇನೆ, ನಾಳೆ ಕರೆಯುತ್ತೇನೆ. ಇವತ್ತಿಗೂ ನಾಳೆಗೂ ತನ್ನ ಮಾತಿನಲ್ಲಿ ಒಂದೇ ರೂಪ, ಅವರಲ್ಲಿ ಬೇರೆ ಬೇರೆ ಎಂದು ಗೊತ್ತಾದಾಗ ಅವಳಿಗೆ ಸೋಜಿಗವಾಯಿತು. ಒಲೆ ಊದುವಾಗ, ಪಾತ್ರೆ ಉಜ್ಜುವಾಗ, ಹಗ್ಗ ಹೊಸೆಯುವಾಗ ಬಾಯಲ್ಲಿ ಅದೇ. ಮಗ ಊಟಕ್ಕೆ ಕೂತು, "ಅಮ್ಮ, ಸಾರು" ಎಂದರೆ "ಐ ವಿಲ್" ಎನ್ನುವಷ್ಟಕ್ಕೆ ಬಂದಿತ್ತು.

"ಹುಚ್ಚು ಗಿಚ್ಚು ಹಿಡೀತಾ?" ಎಂದ ಮಗ.

ಕೊಟ್ಟಿಗೆಯಲ್ಲಿ ಮಾತ್ರ ಕೆಲಸ ಸಲೀಸಾಗಲಿಲ್ಲ. ಹಣೆ ಆನಿಸಿ ಹೇಳುತ್ತಿದ್ದಳು, ಆದರೆ ಮುಂದಿನ ಮಾತು ನೆನಪಿಸಿಕೊಳ್ಳಲು ನಿಲ್ಲಿಸಿದರೆ ಕೈಯೂ ನಿಲ್ಲುತ್ತಿತ್ತು. ಕೈ ಎಳೆದರೆ ಮಾತು ತಪ್ಪುತ್ತಿತ್ತು. ಜಂಬಿ ಸ್ವಲ್ಪ ಕೊಟ್ಟು ಸ್ವಲ್ಪ ಏರಿಸಿಕೊಳ್ಳುತ್ತಿತ್ತು, ಬೇಡವೆಂದು ಪೂರ್ತಿ ಹೇಳಲೂ ಮನಸ್ಸಿಲ್ಲದವರಂತೆ.

ಭಾನುವಾರ ಬಂತು. ಸಂಜೆಯ ಬಸ್ಸಿಗೆಂದು ಮಗ ಸ್ನಾನ ಮಾಡಿ, ಚೀಲ ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದ. ಹೋಗಿಬರುತ್ತೇನೆ ಎನ್ನಲು ನಿಂತ. ಅತ್ತೆ ತಿರುಗಿ ನೋಡಲಿಲ್ಲ. ಜಂಬಿಯ ಬಿಸಿ ಪಕ್ಕೆಗೆ ಹಣೆ ಒತ್ತಿ, ಕಣ್ಣು ಮುಚ್ಚಿದಳು. ಮಗ ಬಸ್ಸು ಹತ್ತಿದರೆ ಸೊಸೆ ಮತ್ತೆ ಈ ಗೂಟಕ್ಕೆ ಬಂದು ಬೀಳುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಮನಸ್ಸಿನಿಂದ ಆಚೆ ತಳ್ಳಿ, ಬಲಗೈಗೊಂದು ಮಾತು, ಎಡಗೈಗೊಂದು ಮಾತು ಕೊಡುತ್ತ ಹೋದಳು. ಐ ಮಿಲ್ಕ್, ಯೂ ಮಿಲ್ಕ್. ಹಿ ಮಿಲ್ಕ್ಸ್, ಶಿ ಮಿಲ್ಕ್ಸ್. ಶಿ ಎಂದಾಗ ಸೊಸೆಯನ್ನು ನೆನೆದಳು. ಯೂ ಎಂದಾಗ ಮಗನನ್ನು ನೆನೆದು, ಅವನು ಹಾಲು ಕರೆಯುವುದನ್ನು ಕಲ್ಪಿಸಿಕೊಂಡು ಒಳಗೇ ನಕ್ಕಳು. ಆ ನಗು ಹಣೆಯಿಂದ ಹಸುವಿನ ಪಕ್ಕೆಗಿಳಿಯಿತೋ ಏನೋ. ಎಲ್ಲಿ ತಡವರಿಸಬೇಕಾಗಿತ್ತೋ ಅಲ್ಲಿ ತಡವರಿಸಲಿಲ್ಲ. ಮುಂದಿನ ಮಾತು ತಾನಾಗಿ ಬಂತು, ಅದರ ಹಿಂದೆ ಕೈ ಬಂತು.

ಪಕ್ಕೆಯ ಒಳಗೆ ಏನೋ ಸಡಿಲವಾದದ್ದು ಹಣೆಗೆ ಗೊತ್ತಾಯಿತು. ತೊಟ್ಟುಗಳು ಅವಳ ಮುಷ್ಟಿಯಲ್ಲಿ ತುಂಬಿಕೊಂಡವು. ಬಕೆಟ್ಟಿನ ತಳ ಟಣ್ ಟಣ್ ಎಂದಿತು. ಸ್ವಲ್ಪ ಹೊತ್ತಿಗೆ ಆ ಸದ್ದು ದಪ್ಪಗಾಯಿತು, ಮತ್ತೂ ಸ್ವಲ್ಪ ಹೊತ್ತಿಗೆ ನೊರೆಯೊಳಗೆ ನೊರೆ ಬೀಳುವ ಬುಸ್ ಬುಸ್ ಸದ್ದೊಂದೇ ಉಳಿಯಿತು. ಅತ್ತೆ ನಿಲ್ಲಿಸಲಿಲ್ಲ. ಗೊತ್ತಿದ್ದದ್ದೆಲ್ಲ ಮುಗಿದಾಗ ಮತ್ತೆ ಮೊದಲಿಂದ ಹಿಡಿದಳು. ಬಕೆಟ್ಟು ಕಂಠದವರೆಗೆ ಬಂದು, ಕೆಚ್ಚಲು ಖಾಲಿ ಚೀಲದಂತೆ ಮೆತ್ತಗಾದ ಮೇಲೆಯೇ ಕಣ್ಣು ತೆರೆದದ್ದು.

ಬಾಗಿಲಲ್ಲಿ ಮಗ ಹೆಗಲ ಚೀಲವನ್ನು ಕೆಳಗಿಟ್ಟಿದ್ದ.

"ಬಸ್ಸು ಹೋಯ್ತಲ್ಲೋ" ಎಂದಳು ಅತ್ತೆ.

"ಹೋಗಲಿ. ಅದರ ಇಂಜಿನ್ನು ಸರಿ ಇರಲಿಲ್ಲ, ಸದ್ದಲ್ಲೇ ಗೊತ್ತಾಯ್ತು." ಅವನು ಬಂದು ಬಕೆಟ್ಟು ಎತ್ತಿಕೊಂಡ. ಎತ್ತಿ, ಅದರ ಭಾರವನ್ನು ಒಂದು ಗಳಿಗೆ ಕೈಯಲ್ಲಿ ತೂಗಿ ನೋಡಿದ. "ನಾಳೆ ಬೆಳಗ್ಗೆನೂ ಬರುತ್ತಾ?"

"ಐ ವಿಲ್ ಮಿಲ್ಕ್" ಎಂದಳು ಅತ್ತೆ. "ಅಂದ್ರೆ ಬರುತ್ತೆ ಅಂತ."

ಮರುದಿನ ಡೇರಿಯವನು ಅಳತೆ ನೋಡಿ ಅವಳ ಮುಖ ನೋಡಿದ, ಮತ್ತೆ ಅಳತೆ ನೋಡಿದ. ಆ ವಾರವಿಡೀ ಬೆಳಗ್ಗೆ ಸಂಜೆ ಕೊಟ್ಟಿಗೆಯಿಂದ ಗುಂಯ್ ಸದ್ದು ಬರುತ್ತಿತ್ತು. ಬೇಲಿಯಾಚೆ ಮೇಷ್ಟ್ರು ಕಿವಿ ಕೊಟ್ಟು ಕೇಳಿ, ತಪ್ಪಿದಲ್ಲಿ ಅಲ್ಲಿಂದಲೇ ಕೆಮ್ಮುತ್ತಿದ್ದರು.

ಪರೀಕ್ಷೆಯ ಫಲಿತಾಂಶದ ಫೋನು ಬಂದಾಗ ಅತ್ತೆ ಕೊಟ್ಟಿಗೆ ಗುಡಿಸುತ್ತಿದ್ದಳು. ಸೊಸೆ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮೊದಲು ತಿಳಿಯಲಿಲ್ಲ.

"ಪಾಸಾದೆ, ಅತ್ತೆ. ಮೊದಲು ಒಂದೂ ನೆನಪಾಗಲಿಲ್ಲ. ಡೆಸ್ಕಿಗೆ ಹಣೆ ಇಟ್ಟು ಕಣ್ಣು ಮುಚ್ಕೊಂಡೆ, ಜಂಬಿ ಪಕ್ಕೆಗೆ ಇಡ್ತೀನಲ್ಲ ಹಾಗೆ. ನಿದ್ದೆ ಮಾಡ್ತಿದ್ದೀಯೇನಮ್ಮ ಅಂತ ಮೇಡಮ್ಮು ಬಂದು ಎಬ್ಬಿಸಿದ್ರು. ಅಷ್ಟೊತ್ತಿಗೆ ಎಲ್ಲ ಬಂದಿತ್ತು."

"ಗೊತ್ತು" ಎಂದಳು ಅತ್ತೆ.

"ನಿಮಗೆ ಹೇಗೆ ಗೊತ್ತು?"

ಆಗ ಅತ್ತೆ ಎಲ್ಲ ಹೇಳಿದಳು. ಹಾಲು ನಿಂತದ್ದು, ಫೋನಿನಲ್ಲಿ ಸುಳ್ಳು ಹೇಳಿದ್ದು, ಶಾಲು ಹೊದ್ದು ನಾಚಿಕೆಪಟ್ಟದ್ದು, ಮಗ ಚೀಲ ಹೆಗಲಿಗೇರಿಸಿ ನಿಂತದ್ದು. ಮೇಷ್ಟ್ರ ಹತ್ತಿರ ಪಾಠ ಕಲಿತು ಜಂಬಿಗೆ ಒಪ್ಪಿಸಿದ್ದನ್ನೂ ಹೇಳಿದಳು.

"ನೀವು ಇಂಗ್ಲಿಷ್ ಹೇಳಿದ್ರಾ? ಒಂದು ಸಲ ಹೇಳಿ, ಅತ್ತೆ, ಕೇಳ್ತೀನಿ."

"ಹೋಗೆ. ಮನುಷ್ಯರ ಮುಂದೆ ನನಗೆ ಬರಲ್ಲ."

"ಹಾಗಾದ್ರೆ ಜಂಬಿಗೆ ಹೇಳಿ, ನಾನು ಸುಮ್ನೆ ಇರ್ತೀನಿ."

"ಅವಳದು ಸಂಜೆ ಪಾಠ. ಈಗ ಮಲಗಿದಾಳೆ, ಎಬ್ಬಿಸಲ್ಲ. ನೀನು ಪೂರ್ತಿ ಮುಗಿಸ್ಕೊಂಡೇ ಬಾ. ಆತುರ ಏನಿಲ್ಲ."

ಫೋನಿಟ್ಟ ಮೇಲೆ ಅತ್ತೆ ಕಸಬರಿಗೆ ಗೋಡೆಗೆ ಒರಗಿಸಿ, ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತಳು. ಕೂತ ಮೇಲೆ ಮೊಣಕಾಲು ನೆನಪಾಯಿತು. ಇಷ್ಟು ದಿನ ಅದು ಇದ್ದದ್ದೇ ಮರೆತುಹೋಗಿತ್ತು; ಈಗ ಎರಡೂ ಒಟ್ಟಿಗೆ, ಬಾಕಿ ಉಳಿದದ್ದನ್ನೆಲ್ಲ ಸೇರಿಸಿ ನೋಯತೊಡಗಿದವು. ಅವಳು ಕಾಲು ಉದ್ದಕ್ಕೆ ಚಾಚಿ, ಮಂಡಿಗಳನ್ನು ಮೆಲ್ಲಗೆ ನೀವಿಕೊಳ್ಳುತ್ತ, ಬೆನ್ನ ಹಿಂದೆ ಜಂಬಿ ಮೆಲುಕು ಹಾಕುವ ಸದ್ದು ಕೇಳುತ್ತ ಬಿಸಿಲಿನಲ್ಲಿ ಕೂತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಮೇಷ್ಟ್ರು ಏನೆಂದು ಕೇಳಿದರು.

"ಕಾಲು ನೋವು, ಮೇಷ್ಟ್ರೇ" ಎಂದಳು ಅತ್ತೆ, ಮುಖ ಇಷ್ಟಗಲ ಮಾಡಿಕೊಂಡು.